ದಡದ ಗುರುತು

ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಗಿ ಮಾಡಿಕೊಂಡು ಶೇಖವ್ವ ಇನ್ನೊಂದು ರಬ್ಬರ್ ಉಂಗುರವನ್ನು ಎತ್ತಿಕೊಂಡಳು. ಅಚ್ಚಿನಿಂದ ಹೊರಬಂದ ಉಂಗುರಗಳ ಸುತ್ತ ದೋಸೆಯ ಅಂಚಿನ ಹಾಗೆ ತೆಳ್ಳಗೆ ಹೆಚ್ಚುವರಿ ರಬ್ಬರು ಅಂಟಿಕೊಂಡಿರುತ್ತದೆ. ಅದನ್ನು ಬ್ಲೇಡಿನಿಂದ ಒಂದೇ ಸುತ್ತಿಗೆ ತೆಗೆಯಬೇಕು. ನಡುವೆ ಕೈ ನಿಂತರೆ ಅಲ್ಲೊಂದು ಕಚ್ಚು ಬೀಳುತ್ತದೆ, ಕಚ್ಚು ಬಿದ್ದ ಉಂಗುರ ಯಾವುದೋ ಊರಿನ ಪಂಪಿನೊಳಗೆ ಕೂತು ನೀರು ಸೋರಿಸುತ್ತದೆ. ಪೀಣ್ಯದ ಆ ಶೆಡ್ಡಿನಲ್ಲಿ ಉದ್ದನೆಯ ಮೇಜಿನ ಎರಡು ಬದಿಗೆ ಕೂತ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಮಾಡುವುದು ಇದೊಂದೇ ಕೆಲಸ.

ಊಟದ ಗಂಟೆ ಹೊಡೆದು ಆಗಲೇ ಸ್ವಲ್ಪ ಹೊತ್ತಾಗಿತ್ತು. ಉಳಿದವರೆಲ್ಲ ಡಬ್ಬಿ ಬಿಚ್ಚಿ, ವೇಣಿಯ ಫೋನನ್ನು ನೀರಿನ ಬಾಟಲಿಗೆ ಒರಗಿಸಿಕೊಂಡು ಅದರ ಸುತ್ತ ಕೂತಿದ್ದರು. ಶೇಖವ್ವ ಮಾತ್ರ ಗೋಡೆಯ ಕಡೆಗೆ ಮುಖ ಮಾಡಿ ಕೆಲಸ ಮುಂದುವರಿಸಿದ್ದಳು.

"ಅಕ್ಕ, ನಿಮ್ ಶಾಂಭವಿ ನೀರಿಗಿಳಿದ್ಲು. ಹಳದಿ ಬನಿಯನ್ ಹಾಕಿದಾಳೆ," ಎಂದಳು ವೇಣಿ.

"ಹೂಂ."

"ಒಂದ್ಸಲ ತಿರುಗಿ ನೋಡಿದ್ರೆ ಏನಾಗತ್ತೆ? ಹೆತ್ತೋಳು ಗೋಡೆ ನೋಡ್ತಾ ಕೂತಿದೀಯ, ಇಲ್ಲಿ ನಾವು ಅನ್ನ ತಣ್ಣಗೆ ಮಾಡ್ಕೊಂಡು ಕೂತಿದೀವಿ."

"ನೀವು ನೋಡ್ರೆವ್ವಾ. ನೀವು ನೋಡಿದ್ರ ನಾ ನೋಡಿದಂಗ."

ಸೂಪರ್‌ವೈಸರ್ ಅಂಬರೀಶ್ ಕೈ ತೊಳೆದುಕೊಂಡು ಅತ್ತ ಬಂದವನು ಬಗ್ಗಿ ನೋಡಿದ. "ಯಾವ ಮ್ಯಾಚು?"

"ಮ್ಯಾಚಲ್ಲ ಸಾರ್. ಶೇಖಕ್ಕನ ಮಗಳು ಸಮುದ್ರದ ಮೇಲೆ ನಿಂತ್ಕೊಂಡಿದಾಳೆ."

"ಹಲಗೆ ಮುಳುಗಲ್ವಾ?"

"ಅವಳು ನಿಂತ್ರೆ ಮುಳುಗಲ್ಲ. ನೀವು ನಿಂತ್ರೆ ಹೇಳಕ್ಕಾಗಲ್ಲ ಸಾರ್."

ಹೆಂಗಸರು ನಕ್ಕರು. ಅಂಬರೀಶನೂ ಹೊಟ್ಟೆ ಸವರಿಕೊಂಡು ನಕ್ಕು, ಹೋಗದೆ ಅಲ್ಲೇ ನಿಂತ. ಫೋನಿನಿಂದ ಗಾಳಿಯ ಸದ್ದು, ಮೈಕಿನಲ್ಲಿ ಇಂಗ್ಲಿಷಿನಲ್ಲಿ ಯಾರೋ ಗಡಗಡ ಹೇಳುವ ಸದ್ದು ಬರುತ್ತಿತ್ತು. ಶೇಖವ್ವನಿಗೆ ಆ ಮಾತು ತಿಳಿಯದು. ಆದರೆ ಮಗಳ ಹೆಸರನ್ನು ಆ ಜನ ಹೇಗೆ ಎಳೆದು ಹೇಳುತ್ತಾರೆಂಬುದು ತಿಳಿದಿತ್ತು, ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಕೈ ಇನ್ನಷ್ಟು ನಿಧಾನವಾಗಿ ಸುತ್ತು ಬರುತ್ತಿತ್ತು. ತಮಿಳುನಾಡಿನ ಯಾವುದೋ ಕಡಲದಂಡೆ. ನಾಲ್ಕು ಜನ ಹುಡುಗಿಯರು. ಇಪ್ಪತ್ತು ಚಿಲ್ಲರೆ ನಿಮಿಷದೊಳಗೆ ಯಾರು ಎಷ್ಟು ಅಲೆ ಏರಿದರೂ ಅದರಲ್ಲಿ ಅತಿ ಚೆನ್ನಾದ ಎರಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಇಷ್ಟನ್ನು ಶಾಂಭವಿಯೇ ಹೇಳಿಕೊಟ್ಟಿದ್ದಳು.

ಕೊನೆಯ ಹಾರನ್ ಕೂಗಿತು. ಎಲ್ಲರೂ ಅಂಕ ಬರುವುದನ್ನೇ ಬಗ್ಗಿ ನೋಡಿದರು. ಆಮೇಲೆ ವೇಣಿ, "ಫಸ್ಟು ಅಕ್ಕ," ಎಂದಳು. "ಈಗಾದ್ರೂ ಊಟ ಮಾಡು, ಬಾ."

ಶೇಖವ್ವ ಕೈಯಲ್ಲಿದ್ದ ಉಂಗುರವನ್ನು ಮುಗಿಸಿ, ಡಬ್ಬದೊಳಗೆ ಹಾಕಿ ಎದ್ದಳು.

ಕೇಳಿದವರಿಗೆಲ್ಲ ಅವಳು ಕೊಡುತ್ತಿದ್ದ ಕಾರಣ ಒಂದೇ. ತಾಯಿಯ ಕಣ್ಣು ಒಳ್ಳೆಯದಲ್ಲ. ಮಂದಿಯ ಕಣ್ಣಿಗೆ ಕಲ್ಲು ಸಿಡಿಯುತ್ತದೆಂಬುದು ಎಲ್ಲರಿಗೂ ಗೊತ್ತು, ಹೆತ್ತವಳ ಕಣ್ಣು ಅದಕ್ಕಿಂತ ಜೋರು ಎಂದು ಬಾದಾಮಿ ಕಡೆಯ ಅವಳ ಊರಿನಲ್ಲಿ ಮುದುಕಿಯರು ಹೇಳುತ್ತಿದ್ದರು. ಮಗು ಉಣ್ಣುವಾಗ ತಾಯಿ ತಟ್ಟೆ ನೋಡಬಾರದು, ಮಲಗಿದಾಗ ಮುಖ ನೋಡಬಾರದು. ನೋಡಿ ಹಿಗ್ಗಿದರೆ ಮುಗಿಯಿತು. ವೇಣಿಯಂಥವರು ಇದನ್ನು ಕೇಳಿ ನಗುತ್ತಿದ್ದರು. ನಗಲಿ ಎಂದು ಶೇಖವ್ವ ಸುಮ್ಮನಿರುತ್ತಿದ್ದಳು. ಅವಳ ಬಳಿ ಸಾಕ್ಷಿ ಇತ್ತು.

ಶಾಂಭವಿ ಹುಟ್ಟಿದ್ದು ಮೂಲ್ಕಿಯ ಸರ್ಕಾರಿ ಆಸ್ಪತ್ರೆಯಲ್ಲಿ. ಆಗ ಶೇಖವ್ವ ಮತ್ತು ಅವಳ ಗಂಡ ಮುದಕಪ್ಪ ಕಡಲಿಗೆ ತಡೆಗೋಡೆ ಕಟ್ಟುವ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದರು. ಕಾರ್ಕಳದ ಕಡೆಯಿಂದ ಲಾರಿಯಲ್ಲಿ ಬಂಡೆಗಲ್ಲು ಬರುತ್ತಿತ್ತು, ಅದನ್ನು ದಂಡೆಯುದ್ದಕ್ಕೂ ಪೇರಿಸುವುದು ಗಂಡಸರ ಕೆಲಸ. ಸಂದಿಗೆ ಚಿಕ್ಕ ಕಲ್ಲು ಹೊತ್ತು ತುಂಬುವುದು ಹೆಂಗಸರ ಕೆಲಸ. ಒಂದು ಮಳೆಗಾಲಕ್ಕೆ ಅರ್ಧ ಗೋಡೆ ಕುಸಿದು ಹೋಗುವುದು, ಮತ್ತೆ ಕಟ್ಟುವುದು. ಹೀಗಾಗಿ ಆ ಕೆಲಸ ವರ್ಷಗಟ್ಟಲೆ ನಡೆಯಿತು. ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರನ್ನೇ ನರ್ಸಮ್ಮ ಮಗುವಿಗೆ ಸೂಚಿಸಿದಳು. ಚಂದ ಇದೆ ಅನ್ನಿಸಿ ಇಟ್ಟರು.

ಹುಡುಗಿಗೆ ಐದಾರು ವರ್ಷವಾಗುವ ಹೊತ್ತಿಗೆ ಶೇಖವ್ವನಿಗೆ ಕಲ್ಲು ಹೊರುವುದು ತಪ್ಪಿ, ಕೆಲಸದವರಿಗೆಲ್ಲ ಅಡುಗೆ ಮಾಡುವ ಜವಾಬ್ದಾರಿ ಬಂತು. ಮೂಲ್ಕಿ ಹತ್ತಿರದ ಸಸಿಹಿತ್ಲುವಿನ ದಂಡೆಯಲ್ಲಿ, ಲಾರಿಯಿಂದ ಉರುಳಿ ಗೋಡೆಗೆ ಸೇರದೆ ಉಳಿದಿದ್ದ ಒಂದು ದೊಡ್ಡ ಬಂಡೆಯ ಮರೆಯಲ್ಲಿ ಒಲೆ ಹೂಡಿದಳು. ಮಗಳು ನೀರಿಗೆ ಓಡುತ್ತಿದ್ದಳು. ಹಿಡಿದು ಕಟ್ಟಿಹಾಕಲು ಬರುವಂತಿರಲಿಲ್ಲ. ಒಂದು ಮಾತು ಮಾತ್ರ ಹೇಳಿದ್ದಳು, "ನಾ ಕಾಣೂಮಟ ಹೋಗು. ನಾ ಕಾಣಲಿಲ್ಲಂದ್ರ ತಿರುಗಿ ಬಾ."

ಹುಡುಗಿಯ ಮೊದಲ ಹಲಗೆ ಕಾಂಕ್ರೀಟಿಗೆ ಆಸರೆ ಕೊಡುವ ಸೆಂಟ್ರಿಂಗ್ ಪ್ಲೈವುಡ್ಡು. ಅದನ್ನು ಎದೆಗೆ ಅವುಚಿಕೊಂಡು ನೊರೆಯ ಮೇಲೆ ಬೀಳುವುದು, ದಡದವರೆಗೆ ಜಾರಿಕೊಂಡು ಬರುವುದು, ಮತ್ತೆ ಓಡುವುದು. ಒಂದು ದಿನ ಆ ಹಲಗೆಯ ಮೇಲೆ ಎದ್ದು ನಿಂತಳು. ಅಲ್ಲೇ ಸರ್ಫಿಂಗ್ ಕಲಿಸುತ್ತಿದ್ದ ಯಶೋಧರ ಎಂಬ ಮೊಗವೀರರ ಯುವಕ ಅದನ್ನು ನೋಡಿ ಒಲೆಯ ಹತ್ತಿರ ಬಂದ.

"ಅಕ್ಕಾ, ಇದು ನಿಮ್ಮ ಹುಡುಗಿಯಾ?"

ಬೈಯಲು ಬಂದಿದ್ದಾನೆಂದು ಶೇಖವ್ವ ಎದ್ದು ನಿಂತಳು. "ಹೌದ್ರಿ. ಏನ್ ಮಾಡ್ತು?"

"ಎಂತ ಮಾಡ್ಲಿಲ್ಲ. ಪ್ಲೈವುಡ್ಡಲ್ಲಿ ನಿಲ್ತದೆ ಅದು. ನಾನು ಸಾವಿರಗಟ್ಲೆ ಕೊಟ್ಟು ತಂದ ಬೋರ್ಡಲ್ಲಿ ನಮ್ಮ ಗಿರಾಕಿಗಳು ನಿಲ್ಲುದಿಲ್ಲ ಮಾರಾಯ್ರೆ."

ಮೂಗು ಮುರಿದಿದ್ದ ಒಂದು ಹಳೆಯ ಬೋರ್ಡನ್ನು ಅಂಟಿಸಿ ಅವನು ಕೊಟ್ಟ. ಹನ್ನೊಂದನೆಯ ವಯಸ್ಸಿಗೆ ಶಾಂಭವಿ ಮೊದಲ ಸ್ಪರ್ಧೆಗೆ ಇಳಿದು ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಮರುವರ್ಷ ತಡೆಗೋಡೆಯ ಕೆಲಸ ಮುಗಿಯಿತು. ಮುದಕಪ್ಪನ ತಮ್ಮ ಸಿದ್ರಾಮ ಪೀಣ್ಯದಲ್ಲಿದ್ದ, ಅವನು ಕರೆದ. ಗಂಡ ಹೆಂಡತಿ ಬಾಗಲಗುಂಟೆಗೆ ಬಂದು ಕೋಣೆ ಹಿಡಿದರು. ಮಗಳು ಬರಲಿಲ್ಲ. ಯಶೋಧರನ ಹೆಂಡತಿ, "ನಮ್ಮ ಮನೆಯಲ್ಲಿ ಇರಲಿ, ಶಾಲೆಗೂ ಹೋಗ್ಲಿ," ಎಂದಳು. ಹುಡುಗಿಯನ್ನು ಕೇಳಿದರೆ, ಅವಳು ಸಮುದ್ರದ ಕಡೆ ನೋಡಿದಳು. ಹನ್ನೆರಡು ವರ್ಷದ ಮಗಳನ್ನು ಬಿಟ್ಟು ಬಂದಳಲ್ಲ ಎಂದು ಊರಿನಲ್ಲಿ ಜನ ಆಡಿಕೊಂಡರು. ಶೇಖವ್ವ ಅದನ್ನೂ ಕೇಳಿಸಿಕೊಂಡಳು.

ಸಾಕ್ಷಿ ಸಿಕ್ಕಿದ್ದು ಅದಾದ ಮೂರು ವರ್ಷಕ್ಕೆ. ಹದಿನಾರರೊಳಗಿನ ಹುಡುಗಿಯರ ಫೈನಲ್ಲು ಸಸಿಹಿತ್ಲುವಿನಲ್ಲೇ ನಡೆಯಿತು. ಶೇಖವ್ವ ರಜೆ ಹಾಕಿ ಹೋದಳು. ಎಲ್ಲಿ ಕೂರಬೇಕೆಂದು ತಿಳಿಯದೆ ತನ್ನ ಹಳೆಯ ಬಂಡೆಯ ಪಕ್ಕದಲ್ಲಿ ಕೂತಳು. ಮಗಳು ಎರಡು ಅಲೆ ಏರಿದಳು. ಸುತ್ತ ನಿಂತವರು, "ಯಾರಿದು ಹುಡುಗಿ, ಎಂಥಾ ಬ್ಯಾಲೆನ್ಸು," ಎಂದು ಬಾಯಿಗೆ ಬಂದಂತೆ ಹೊಗಳಿದರು. ಒಬ್ಬಳು ಹೆಂಗಸು ಕೆನ್ನೆಗೆ ಕೈಯಿಟ್ಟುಕೊಂಡು ನೋಡಿದಳು. ಶೇಖವ್ವನ ಎದೆಯೂ ಹಿಗ್ಗಿತು. ಹಿಗ್ಗಿದ್ದು ಅವಳಿಗೇ ಗೊತ್ತಾಯಿತು. ಹೆದರಿ, ಒಂದು ಹಿಡಿ ಮರಳು ತೆಗೆದುಕೊಂಡು ಎದ್ದಳು. ದೃಷ್ಟಿ ತೆಗೆಯುವುದನ್ನು ನಾಲ್ಕು ಜನರ ಎದುರು ಮಾಡಬಾರದು. ಅಂಗಡಿಗಳ ಹಿಂದಕ್ಕೆ ಹೋಗಿ, ಕಡಲ ಕಡೆ ಮುಖ ಮಾಡಿ, ಮರಳನ್ನು ಮೂರು ಸಲ ನಿವಾಳಿಸಿ, ಹಿಂದೆ ಎಸೆದು, ತಿರುಗಿ ನೋಡದೆ ಬಂದಳು. ಬರುವಷ್ಟರಲ್ಲಿ ಆಟ ಕೆಟ್ಟಿತ್ತು. ಉಳಿದ ಹೊತ್ತಿನಲ್ಲಿ ಶಾಂಭವಿಗೆ ಒಂದೂ ಅಲೆ ಸಿಗಲಿಲ್ಲ. ಅವಳು ಇದ್ದ ಕಡೆ ಅಲೆ ಏಳಲಿಲ್ಲ, ಅಲೆ ಎದ್ದ ಕಡೆ ಅವಳಿರಲಿಲ್ಲ. ನಾಲ್ಕನೆಯವಳಾಗಿ ದಡಕ್ಕೆ ಬಂದಳು.

ಕಣ್ಣು ಬಿದ್ದೇಬಿಟ್ಟಿತ್ತು, ಮರಳಿಗೂ ಮೀರಿದ ಕಣ್ಣು. ಅದು ಯಾರದೆಂದು ಶೇಖವ್ವನಿಗೆ ಸಂಶಯವೇ ಇರಲಿಲ್ಲ. ಅಂದಿನಿಂದ ಅವಳು ಸ್ಪರ್ಧೆಗೆ ಹೋಗಲಿಲ್ಲ, ಫೋನಿನಲ್ಲೂ ನೋಡಲಿಲ್ಲ. ಮಗಳು ಗೆಲ್ಲತೊಡಗಿದಳು. ಮರುವರ್ಷವೇ ಚೆನ್ನೈ ಕಡೆಯ ದಂಡೆಯಲ್ಲಿ ಕಪ್ ಗೆದ್ದಳು. ಆಮೇಲೆ ದೊಡ್ಡವರ ವಿಭಾಗ. ಶ್ರೀಲಂಕಾ, ಮಾಲ್ದೀವ್ಸ್. ಕುಂದಲಹಳ್ಳಿಯಲ್ಲಿ ಆಫೀಸು ಮಾಡಿಕೊಂಡಿರುವ ಒಂದು ಆಟದ ಸಾಮಾನಿನ ಕಂಪನಿ ತಿಂಗಳಿಗಿಷ್ಟು ಎಂದು ಕೊಟ್ಟು ತನ್ನ ಹೆಸರನ್ನು ಅವಳ ಬೋರ್ಡಿನ ಮೇಲೆ ಅಂಟಿಸಿತು. ಇಷ್ಟೆಲ್ಲ ತಾನು ನೋಡದೆ ಇದ್ದುದರಿಂದ ಆಯಿತೆಂದು ಶೇಖವ್ವ ತಿಳಿದಿದ್ದಳು. ಮಗಳಿಗಾಗಿ ತಾನು ಮಾಡಬಹುದಾದದ್ದು ಅದೊಂದೇ, ಅದನ್ನು ತಪ್ಪದೆ ಮಾಡುತ್ತಿದ್ದೇನೆ ಎಂಬ ಸಮಾಧಾನವೂ ಇತ್ತು. ಗೆದ್ದಾಗಲೆಲ್ಲ ಗೋಡೆ ನೋಡಿದ್ದಕ್ಕೆ ಕೂಲಿ ಸಿಕ್ಕಂತಾಗುತ್ತಿತ್ತು.

ತಮಿಳುನಾಡಿನಿಂದ ಗೆದ್ದು ಬಂದ ಶಾಂಭವಿ ಮೂಲ್ಕಿಗೆ ಹೋಗುವ ಮೊದಲು ಎರಡು ದಿನಕ್ಕೆಂದು ಮನೆಗೆ ಬಂದಳು. ಹತ್ತೊಂಬತ್ತರ ಹುಡುಗಿ, ಬಿಸಿಲಿಗೆ ಕಂದಿದ ಮೂಗು, ಉಪ್ಪುನೀರಿಗೆ ತಾಮ್ರದ ಬಣ್ಣಕ್ಕೆ ತಿರುಗಿದ ಕೂದಲು. ಬೋರ್ಡು ಒಂದೇ ಕೋಣೆಯ ಮನೆಯೊಳಗೆ ಹಿಡಿಸದು. ಅದಕ್ಕೆ ಮಾಲೀಕರಾದ ಅಂಜನಮ್ಮನ ಮೆಟ್ಟಿಲೇ ಗತಿ. ಅಂಜನಮ್ಮ ಬಾಗಲಗುಂಟೆ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲೀಗ ಅವರದು ಮೂರು ಅಂತಸ್ತಿನ ಬಾಡಿಗೆ ಕೋಣೆಗಳು.

"ಬಂತಾ ತೆಪ್ಪ," ಎನ್ನುತ್ತ ಸಂಜೆ ಅಂಜನಮ್ಮ ಬಾಗಿಲಲ್ಲಿ ಬಂದು ಕೂತರು. ಶೇಖವ್ವ ಒಳಗೆ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಶಾಂಭವಿ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ತೆಪ್ಪ ಅಲ್ಲಜ್ಜಿ, ಬೋರ್ಡು."

"ಏನೋ ಒಂದು. ನಮ್ಮ ಕೆರೇಲಿ ನಾನೂ ಬಾಳೆದಿಂಡು ಕಟ್ಕೊಂಡು ಈಜಿದೀನಿ ಕಣಮ್ಮಿ. ಈಗ ಆ ಕೆರೆಯಾಗೆ ಬೋರ್ಡು ಬಿಟ್ರೆ ನೊರೆ ಮೇಲೇ ನಿಂತ್ಕೊತದೆ, ಇಳಿಯಾದೇ ಇಲ್ಲ."

"ಕುಂದಲಹಳ್ಳಿ ಆಫೀಸಲ್ಲಿ ನನ್ನ ಸ್ಟೇಜ್ ಮೇಲೆ ನಿಲ್ಲಿಸಿ, ಬೆಂಗಳೂರಲ್ಲಿ ಎಲ್ಲಿ ಪ್ರಾಕ್ಟೀಸ್ ಮಾಡ್ತೀರಿ ಅಂತ ಕೇಳಿದ್ರು ಅಜ್ಜಿ. ಇನ್ಮೇಲೆ ನಿಮ್ಮ ಕೆರೆ ಹೆಸರು ಹೇಳ್ತೇನೆ."

"ಯೋಳು, ಯೋಳು. ಅದಿರ್ಲಿ, ನಂಗೊಂದು ಡೌಟು. ಕೆರೆಗಾದ್ರೆ ಏರಿ ಐತೆ, ತೂಬು ಐತೆ, ಎಲ್ಲಿದೀನಿ ಅಂತ ತಿಳೀತದೆ. ಆ ಸಮುದ್ರದಾಗೆ ಎತ್ಲಾಗ್ ನೋಡಿದ್ರೂ ನೀರು. ಇಲ್ಲೇ ನಿಂತ್ಕೊಬೇಕು ಅಂತ ನಿಂಗೆ ಎಂಗ್ ಗೊತ್ತಾಯ್ತದೆ?"

ಶಾಂಭವಿ ಬೆಳ್ಳುಳ್ಳಿ ಬಿಟ್ಟು ನೇರ ಕೂತಳು. ಅವಳ ಕೆಲಸದ ಬಗ್ಗೆ ಯಾರೂ ಕೇಳದ ಪ್ರಶ್ನೆ ಅದು. "ಅಲೆ ಏಳುದು ಒಂದೇ ಜಾಗದಲ್ಲಿ ಅಜ್ಜಿ. ಅಲ್ಲೇ ಇರ್ಬೇಕು. ಆದ್ರೆ ಕೆಳಗೆ ಸೆಳೆತ ಉಂಟಲ್ಲ, ಅದು ನಮಗೆ ಗೊತ್ತಾಗದ ಹಾಗೆ ಎಳ್ಕೊಂಡು ಹೋಗ್ತದೆ. ಅದಕ್ಕೆ ದಡದಲ್ಲಿ ಎರಡು ಗುರುತು ಹಿಡಿಯುದು. ಒಂದು ಹತ್ತಿರದ್ದು, ಒಂದು ದೂರದ್ದು. ಒಂದರ ಹಿಂದೆ ಒಂದು ಸರಿಯಾಗಿ ಕೂತ್ರೆ ನಾನು ಜಾಗದಲ್ಲಿದ್ದೇನೆ ಅಂತ. ಅವೆರಡು ಬೇರೆ ಬೇರೆ ಕಂಡ್ರೆ ನಾನು ಜಾರಿದ್ದೇನೆ ಅಂತ."

"ಬಂದೂಕಿಗೆ ಗುರಿ ಇಟ್ಟಂಗೆ."

"ಹಾಂ, ಹಾಗೇ. ಚೆನ್ನೈಯಲ್ಲಿ ಒಂದು ಲೈಟ್ ಕಂಬ, ಅದರ ಹಿಂದೆ ಮೊಬೈಲ್ ಟವರ್ ಹಿಡಿದಿದ್ದೆ."

"ಮತ್ತೆ ನಿಮ್ಮೂರಾಗೆ, ಮೂಲ್ಕಿಯಾಗೆ?"

"ಅಲ್ಲಿ ದೂರದ್ದು ಶಾಲೆ ನೀರಿನ ಟ್ಯಾಂಕು. ಹತ್ತಿರದ್ದು," ಎಂದು ಶಾಂಭವಿ ನಕ್ಕಳು, "ಅವ್ವ. ಚಿಕ್ಕವಳಿದ್ದಾಗ ಅವ್ವ ಒಲೆ ಹತ್ರ ಕೂತೇ ಇರ್ತಿದ್ಳಲ್ಲ. ಅವಳು ಟ್ಯಾಂಕಿನ ಮುಂದೆ ಸರಿಯಾಗಿ ಕೂತ ಹಾಗೆ ಕಂಡ್ರೆ ಅಲ್ಲಿ ಒಳ್ಳೇ ಅಲೆ. ಯಾರೂ ಹೇಳಿಕೊಟ್ಟಿದ್ದಲ್ಲ."

"ಅಯ್ ನಿನ್ನ. ಹೆತ್ತ ತಾಯೀನ ಮೈಲಿಗಲ್ಲು ಮಾಡ್ಬುಟ್ಟವಳೆ," ಎಂದು ಅಂಜನಮ್ಮ ತೊಡೆ ತಟ್ಟಿ ನಕ್ಕರು.

ಒಳಗೆ ಸಾಸಿವೆ ಸಿಡಿದು, ಕಪ್ಪಾಗಿ, ಹೊಗೆ ಎದ್ದಿತು. ಶೇಖವ್ವ ಬೆಂಕಿ ಆರಿಸಿದಳು. ಒಗ್ಗರಣೆ ಚೆಲ್ಲಿ, ಬಾಣಲೆ ಒರೆಸಿ, ಹೊಸದಾಗಿ ಎಣ್ಣೆ ಹಾಕಿದಳು. ಅಂಜನಮ್ಮ ಎದ್ದುಹೋಗುವವರೆಗೂ ಹೊರಗೆ ಬರಲಿಲ್ಲ.

ಅವರು ಹೋದಮೇಲೆ ಬಂದು ಮಗಳ ಎದುರಿಗೆ ಕೂತಳು. ಸುಲಿದ ಬೆಳ್ಳುಳ್ಳಿಯನ್ನೇ ಮತ್ತೆ ಕೈಯಲ್ಲಿ ಹಿಡಿದು ನೋಡಿದಳು.

"ನಿನ್ನ ಒಂದು ಕೇಳ್ತೀನಿ. ಖರೇ ಹೇಳಬೇಕ ನೋಡು."

"ಏನವ್ವ?"

"ಅವತ್ತ ಸಸಿಹಿತ್ಲುನ್ಯಾಗ ನೀ ಸೋತ್ಯಲ್ಲ, ನಾ ಬಂದಿದ್ದೆ. ನಡುವ ನಾ ಎದ್ದು ಹೋದೆ."

ಶಾಂಭವಿ ತಾಯಿಯ ಮುಖ ನೋಡಲಿಲ್ಲ. "ಏ, ಅದ್ಯಾಕ ಈಗ. ಬಿಡು."

"ಹೇಳು."

"ತಿರುಗಿ ನೋಡಿದೆ, ನೀ ಇರಲಿಲ್ಲ. ಆಮ್ಯಾಲೆ ಕೆಂಪು ಸೀರಿ ಕಾಣಿಸ್ತು. ನೀನೂ ಕೆಂಪು ಸೀರಿ ಉಟ್ಟಿದ್ದಿ. ನೀನ ಅಂದ್ಕೊಂಡು ಅದಕ್ಕ ಟ್ಯಾಂಕು ಹೊಂದಿಸ್ಕೊಂಡೆ. ಅದು ಬ್ಯಾರೆ ಯಾರೋ, ಕಲ್ಲಂಗಡಿ ಮಾರಾಕಿ. ಆಕಿ ಗಿರಾಕಿ ಹುಡುಕ್ಕೊಂತ ನಡದಂಗೆಲ್ಲ ನಾನೂ ನೀರಾಗ ಆಕಿ ಹಿಂದ ಹೋದೆ." ಅವಳಿಗೆ ನಗು ಬಂತು. "ಫೈನಲ್ನ್ಯಾಗ ಕಲ್ಲಂಗಡಿ ಹಿಂದ ಹೋದಾಕಿ ನಾನೊಬ್ಬಾಕಿನ."

ಶೇಖವ್ವ ನಗಲಿಲ್ಲ. "ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅಳ್ತಿದ್ದಿ."

"ನಾ ನನ್ನ ಕಣ್ಣು ಬಿತ್ತು ಅಂತ..."

"ಗೊತ್ತೈತಿ. ನೀ ಬರೂದು ಬಿಟ್ಟಾಗ ಹೇಳಬೇಕಂತ ಮಾಡಿದ್ದೆ. ಆದ್ರ ಆಮ್ಯಾಲೆ ಗೆದ್ಕೊಂತ ಹೋದ್ನಲ್ಲ. ಕಣ್ಣೋ ಏನೋ, ಯಾವುದನ್ನೂ ಕಲಕೂದು ಬ್ಯಾಡ ಅನಿಸ್ತು."

ಹೊರಗೆ ಯಾರೋ ಮೋಟರ್ ಹಾಕಿದರು, ತೊಟ್ಟಿಗೆ ನೀರು ಬೀಳತೊಡಗಿತು. ಶಾಂಭವಿ ಬೆಳ್ಳುಳ್ಳಿ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತ, "ಈ ಸಲ ಬಾ ಅವ್ವ," ಎಂದಳು.

ಈ ಸಲದ್ದು ಏನೆಂದು ಶೇಖವ್ವನಿಗೂ ಗೊತ್ತಿತ್ತು. ತಿಂಗಳ ಕೊನೆಗೆ ಸಸಿಹಿತ್ಲುವಿನಲ್ಲಿ ವರ್ಷದ ಕೊನೆಯ ಸ್ಪರ್ಧೆ. ಅಲ್ಲಿ ಮೊದಲ ಇಬ್ಬರಲ್ಲಿ ಬಂದವರು ಭಾರತದ ತಂಡಕ್ಕೆ ಸೇರಿ ಜಪಾನಿಗೆ ಹೋಗುತ್ತಾರೆ. ಶಾಂಭವಿ ದೇಶದ ಎಲ್ಲ ದಂಡೆಗಳಲ್ಲೂ ಗೆದ್ದಿದ್ದಳು, ತಾನು ಹುಟ್ಟಿ ಬೆಳೆದ ಅದೊಂದನ್ನು ಬಿಟ್ಟು. ಅಲ್ಲಿ ಕಳೆದ ವರ್ಷ ಮೂರನೆಯವಳು, ಅದರ ಹಿಂದಿನ ವರ್ಷ ಫೈನಲ್ಲಿಗೇ ಬಂದಿರಲಿಲ್ಲ. ತಲೆಯಲ್ಲಿ ಏನೋ ಹೊಕ್ಕಿದೆ ಎಂದು ಯಶೋಧರ ಬೈಯುತ್ತಿದ್ದ.

"ಬ್ಯಾರೆ ಕಡೆ ಟವರ್ ಹಿಡೀತೀನಿ, ಕಂಬ ಹಿಡೀತೀನಿ. ಅಲ್ಲಿ ಮಾತ್ರ ಕಣ್ಣು ತಾವಾಗೇ ಆ ಬಂಡಿಗಲ್ಲಿಗೆ ಹೊಕ್ಕಾವ. ಬಂಡಿ ಬಾಜೂಕ ಯಾರೂ ಇರೂದಿಲ್ಲ. ಯಾರರ ಬಂದು ಕುಂತ್ರಂತೂ ಇನ್ನೂ ಕಷ್ಟ. ನೀ ಬಂದು ಕುಂದ್ರು. ಒಂದು ಹೀಟು, ಆ ಇಪ್ಪತ್ತು ನಿಮಿಷದ ಸುತ್ತು, ಮುಗಿಯೂಮಟ ಏಳಬ್ಯಾಡ. ಅಷ್ಟ."

"ಮೂತ್ರ ಬಂದ್ರೂ?"

"ಮೂತ್ರ ಬಂದ್ರೂ. ಇದು ಜಪಾನ್ ವಿಷಯ."

"ಆತು, ರಜಾ ಕೇಳ್ತೀನಿ," ಎಂದಳು ಶೇಖವ್ವ.

ಕೆಲಸ ಮುಗಿಸಿ ಬಂದ ಮುದಕಪ್ಪನೂ ಕೇಳಿ ಒಪ್ಪಿದ. "ನಾಲ್ಕು ವರ್ಷದಿಂದ ಬಡಕೊಂಡೀನಿ ನಿಮ್ಮವ್ವಗ, ಕಣ್ಣು ಗಿಣ್ಣು ಎಲ್ಲಾ ಸುಳ್ಳಂತ. ಹೋಗು, ಕಲ್ಲಿನಂಗ ಕುಂದ್ರು. ಕಲ್ಲಿನ ಕೆಲಸ ನಿನಗೇನು ಹೊಸದಲ್ಲ."

ಮೂರನೆಯ ದಿನ ಬೆಳಗ್ಗೆ ಎಂಟನೇ ಮೈಲಿಯ ಸ್ಟಾಪಿನಲ್ಲಿ ತಾಯಿ ಮಗಳು ಮಂಗಳೂರು ಬಸ್ಸಿಗೆ ಕಾದರು. ಚೀಲದಲ್ಲಿ ಸುತ್ತಿದ ಬೋರ್ಡನ್ನು ಕಂಡು ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಏನಮ್ಮಾ ಇದು, ಹೆಣ ಸುತ್ತಿದಂಗಿದೆ."

"ಸರ್ಫಿಂಗ್ ಬೋರ್ಡ್ ಅಣ್ಣಾ. ಡಿಕ್ಕಿಗೆ ಹಾಕಿ, ಮೇಲೆ ಏನೂ ಇಡ್ಬೇಡಿ."

"ಡಿಕ್ಕೀಲಿ ಈರುಳ್ಳಿ ಇದೆ. ಹೆಣ ಮೇಲೆ, ಈರುಳ್ಳಿ ಕೆಳಗೆ. ಲಗೇಜು ಟಿಕೆಟ್ ಎರಡು."

ಬೋರ್ಡು ಒಳಗೆ ಹೋಗುವುದನ್ನು ನಿಂತು ನೋಡಿ, ಶಾಂಭವಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಿತು. ಅವಳು ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದಳು. ಶೇಖವ್ವ ಕೈ ಎತ್ತಿದಳು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು, ಮಗಳು ಆಗಲೂ ಇತ್ತಲೇ ನೋಡುತ್ತಿದ್ದಳು. ದೀಪ ಹಸಿರಾಗಿ, ಬಸ್ಸು ಲಾರಿಗಳ ನಡುವೆ ನುಸುಳಿ ನೆಲಮಂಗಲದ ಕಡೆ ಸಾಗಿದರೂ ಆ ತಾಮ್ರದ ಕೂದಲಿನ ತಲೆ ಒಳಗೆ ಹೋಗಲಿಲ್ಲ. ಪಕ್ಕದಲ್ಲಿ ಒಂದು ಟೆಂಪೋ ತೀರ ಹತ್ತಿರ ಬಂದು ಹಾರನ್ ಮಾಡಿದಾಗಷ್ಟೇ ಒಳಗೆಳೆದುಕೊಂಡಳು. ಎದುರಿಗೆ ಏನು ಬರುತ್ತಿದೆ ಎಂದು ಆ ಹುಡುಗಿ ಒಮ್ಮೆಯೂ ನೋಡಿರಲಿಲ್ಲ.

ಶೇಖವ್ವ ಕೈ ಇಳಿಸಿದಳು. ಅಲ್ಲಿಂದ ಕಾರ್ಖಾನೆಗೆ ನಡೆದು ಹೋದಳು. ಬಸ್ಸಿತ್ತು, ಹತ್ತಲಿಲ್ಲ.

ಎರಡು ದಿನದಿಂದ ಅವಳ ಮೈ ಹಗುರವಾಗಿತ್ತು. ನಾಲ್ಕು ವರ್ಷ ಹೊತ್ತದ್ದನ್ನು ಯಾರೋ ಇಳಿಸಿ ಪಕ್ಕಕ್ಕಿಟ್ಟ ಹಾಗೆ. ತನ್ನ ಕಣ್ಣಿನಲ್ಲಿ ವಿಷವಿಲ್ಲ. ಬೆಳಗ್ಗೆ ಕನ್ನಡಿಯಲ್ಲಿ ಅವನ್ನು ನೋಡಿಕೊಂಡಿದ್ದಳು, ಸಾಧಾರಣ ಕಣ್ಣುಗಳು, ಎಡಗಣ್ಣಿನ ಕೆಳಗೊಂದು ಮಚ್ಚೆ. ಮಗಳು ಅಲೆಯ ಮೇಲೆ ನಿಂತದ್ದನ್ನು ಈ ಕಣ್ಣುಗಳಿಂದ ಕಡೆಯ ಸಲ ನೋಡಿದಾಗ ಅವಳಿನ್ನೂ ಹದಿನೈದರ ಹುಡುಗಿ. ಈಗ ಹೇಗೆ ನಿಲ್ಲುತ್ತಾಳೋ. ವೇಣಿಗೆ ಗೊತ್ತು, ಅಂಬರೀಶನಿಗೂ ಗೊತ್ತು, ತನಗೆ ಗೊತ್ತಿಲ್ಲ. ಎಷ್ಟೆಲ್ಲ ತಪ್ಪಿಸಿಕೊಂಡೆ ಎಂದು ಮೊದಲ ಸಲ ಹೊಟ್ಟೆ ಉರಿಯಿತು.

ಹಾಗಿದ್ದರೆ ಹೋಗಿ ಕೂರುವುದೇ ಸರಿ. ಕೂರಲು ಏನು ಕಷ್ಟ. ಮಗಳು ಕೇಳಿದ್ದೂ ಅಷ್ಟೇ.

ಆದರೆ ಬ್ಲೇಡು ಹಿಡಿದು ಮೇಜಿಗೆ ಕೂತಮೇಲೂ ಕಿಟಕಿಯಿಂದ ಹೊರಬಂದ ಆ ಕುತ್ತಿಗೆಯೇ ಕಣ್ಣ ಮುಂದೆ ಬಂತು. ಈ ಸಲ ತಾನು ಕೂರಬಹುದು. ಮಗಳು ಗೆಲ್ಲಬಹುದು. ಗೆದ್ದರೆ, ತಾನು ಕೂತದ್ದರಿಂದ ಗೆದ್ದಳೆಂದಾಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ದಂಡೆ, ಮತ್ತೆ ಬಾ ಅವ್ವ. ಕಾಲುನೋವೋ ಜ್ವರವೋ ಬಂದು ಹೋಗಲಾಗದ ವರ್ಷ ಏನು ಮಾಡುತ್ತಾಳೆ? ತಾನೇ ಇಲ್ಲದ ವರ್ಷ? ಯಾರೋ ಕಲ್ಲಂಗಡಿಯವಳ ಹಿಂದೆ ಹೋಗುತ್ತಾಳೆ.

ಹುಡುಗಿಗೆ ಎರಡು ವರ್ಷವಾಗಿದ್ದಾಗ ಹಾಲು ಬಿಡಿಸಿದ್ದು ನೆನಪಾಯಿತು. ಕಲ್ಲು ಹೊರುವವಳಿಗೆ ಗಳಿಗೆಗೊಮ್ಮೆ ಕೂತು ಹಾಲೂಡಿಸಲು ಬಿಡುವಿರಲಿಲ್ಲ. ಎಲ್ಲ ತಾಯಂದಿರ ಹಾಗೆ ಬೇವಿನೆಲೆ ಅರೆದು ಹಚ್ಚಿಕೊಂಡಿದ್ದಳು. ಮಗು ಬಾಯಿಟ್ಟು, ಮುಖ ಕಿವುಚಿ, ಅವಳನ್ನು ನೋಡಿದ ನೋಟ ಇವತ್ತಿಗೂ ಹೋಗಿಲ್ಲ. ಆದರೆ ಮಗು ಎದೆ ಬಿಟ್ಟಿತು, ಅನ್ನಕ್ಕೆ ಕೈ ಹಾಕಿತು. ಮಗು ಅತ್ತಿತೆಂದು ಬೇವು ತೊಳೆದುಕೊಂಡ ತಾಯಂದಿರೂ ಇದ್ದರು. ಅವರ ಮಕ್ಕಳು ಇನ್ನೊಂದು ವರ್ಷ ಸೆರಗು ಹಿಡಿದು ತಿರುಗಿದವು.

ಬರುತ್ತೇನೆಂದು ಹೇಳಿ ಕೂರದಿದ್ದರೆ ಶಾಂಭವಿ ಪೂರ್ತಿ ಹೊತ್ತು ಹುಡುಕುತ್ತಾಳೆ, ಅದು ಮೋಸ. ಬರುವುದಿಲ್ಲ ಎಂದು ಮೊದಲೇ ತಿಳಿದರೆ, ಕಹಿಯಾದರೂ, ಇನ್ನೊಂದು ಗುರುತು ಹುಡುಕಿಕೊಳ್ಳಲು ಎರಡು ವಾರ ಸಿಗುತ್ತದೆ.

ಚಹಾದ ಹೊತ್ತಿಗೆ ಅಂಬರೀಶನ ಹತ್ತಿರ ಹೋಗಿ ರಜೆ ಕೇಳಿದಳು. ವರ್ಷವಿಡೀ ರಜೆ ಹಾಕದವಳು ಕೇಳಿದ್ದರಿಂದ ಅವನು ಕ್ಯಾಲೆಂಡರನ್ನೂ ನೋಡಲಿಲ್ಲ.

"ಮಗಳ ಕಾಂಪಿಟೀಶನ್‌ಗಾ? ಹೋಗ್ ಬಾರಮ್ಮ. ಗೆದ್ರೆ ಧಾರವಾಡ ಪೇಡ ತರಬೇಕು."

"ಅದು ಮಂಗಳೂರ್ರಿ ಸಾರ್."

"ಏನೋ ಒಂದು ಸ್ವೀಟು."

ಅವಳು ಅಂಗಳದ ನಲ್ಲಿಯ ಹತ್ತಿರ ಹೋಗಿ ಲೋಟ ತೊಳೆಯುವಾಗ ಫೋನು ಬಡಿದುಕೊಂಡಿತು. ಶಾಂಭವಿ. ಹಿಂದೆ ಬಸ್ಸಿನ ಸದ್ದು.

"ಶಿರಾಡಿ ಘಾಟ್ ಇಳಿಯಾಕತ್ತೈತಿ ಅವ್ವ. ರಜಾ ಕೇಳಿದ್ಯಾ?"

ಶೇಖವ್ವ ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

"ಕೇಳಿದ್ನೆವ್ವಾ. ಕೊಡವಲ್ರು. ದೊಡ್ಡ ಆರ್ಡರ್ ಬಂದೈತಂತ, ಯಾರಿಗೂ ಇಲ್ಲಂದ್ರು."

ಆ ಕಡೆಯಿಂದ ಬಸ್ಸಿನ ಸದ್ದಷ್ಟೇ ಬಂತು. ಬಸ್ಸು ಎರಡು ತಿರುವು ತಿರುಗಿರಬೇಕು.

"ಒಂದು ದಿನಾನೂ?"

"ಒಂದು ದಿನಾನೂ."

"ಹೋಗ್ಲಿ ಬಿಡು," ಎಂದಳು ಶಾಂಭವಿ. ದನಿ ಸಣ್ಣದಾಗಿತ್ತು. ಆಮೇಲೆ, ತನಗೇ ಹೇಳಿಕೊಂಡಂತೆ, "ಟ್ಯಾಂಕ್ ಮುಂದ ಒಂದು ಗಾಳಿಮರ ಐತಿ. ಅದನ್ನ ಹಿಡಿದು ನೋಡ್ತೀನಿ. ನಾಳಿಂದ ದಿನಾ ಅದನ್ನ ಹಿಡೀತೀನಿ," ಎಂದಳು.

"ಹೂಂ. ಅದು ಎದ್ದು ಎಲ್ಲೂ ಹೋಗೂದಿಲ್ಲ."

ಮಗಳು ಮೂಗಿನಲ್ಲಿ ನಕ್ಕಂತಾಯಿತು. ಘಾಟಿಯಲ್ಲಿ ಸಿಗ್ನಲ್ ಹೋಯಿತು.

ಶೇಖವ್ವ ಫೋನನ್ನು ರವಿಕೆಯೊಳಗೆ ಸೇರಿಸಿಕೊಂಡು ಅಲ್ಲೇ ನಿಂತಳು. ಒಳಗಿನಿಂದ ವೇಣಿ, "ಅಕ್ಕ, ರಜಾ ಸಿಕ್ತಂತೆ. ಮಗಳಿಗೆ ಹೇಳಿದ್ಯಾ?" ಎಂದು ಕೂಗಿ ಕೇಳಿದಳು.

"ಮಾತಾಡಿದೆ," ಎಂದಳು.

ಗಂಡನಿಗೂ ರಜೆ ಸಿಗಲಿಲ್ಲವೆಂದೇ ಹೇಳುವುದು. ಅವನ ಬಾಯಲ್ಲಿ ಮಾತು ನಿಲ್ಲದು. ಊರಲ್ಲಿ ತಂಗಿಗೆ ಹುಷಾರಿಲ್ಲ ಎಂದು ಆಮೇಲೆ ಏನಾದರೂ ಹೇಳಿ ಸಸಿಹಿತ್ಲುವಿಗೆ ಹೋದರಾಯಿತು. ಕೆಂಪು ಸೀರೆ ಉಡುವುದಿಲ್ಲ. ಹತ್ತು ಜನರ ಮೈಮೇಲೆ ಕಾಣುವಂಥದ್ದು ಯಾವುದಾದರೂ ಒಂದು. ಬಂಡೆಯ ಹತ್ತಿರಕ್ಕೂ ಹೋಗದೆ, ದೂರದಲ್ಲಿ ಜನ ಗುಂಪಾಗಿ ನಿಲ್ಲುವ ಕಡೆ, ಎತ್ತರದ ಗಂಡಸರ ಹಿಂದೆ, ಸೆರಗು ತಲೆಯ ಮೇಲೆಳೆದುಕೊಂಡು ನಿಲ್ಲುವುದು. ಸೋತರೆ ಮತ್ತೆ ನನ್ನಿಂದಲೇ ಎಂದಾಗುತ್ತದೆ, ಆಗಲಿ. ಅಳುತ್ತ ದಡಕ್ಕೆ ಬಂದರೂ ಹೋಗಿ ಹಿಡಿದುಕೊಳ್ಳಬಾರದು. ಅದು ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೆ ಈಗಿನಿಂದಲೇ ಗಟ್ಟಿಯಾಗಬೇಕು.

ಆದರೆ ನೋಡುವುದು ಮಾತ್ರ ಬಿಡುವುದಿಲ್ಲ. ಮಗಳು ನೀರಿಗಿಳಿಯುವುದರಿಂದ ಹಿಡಿದು ಕೊನೆಯ ಹಾರನ್ ಕೂಗುವವರೆಗೆ, ಹಿಗ್ಗಿದರೆ ಹಿಗ್ಗಲಿ, ಕಣ್ಣು ತುಂಬ ನೋಡುವುದು.